ಹಂಡೆ ಒಲೆ, ರೇಡಿಯೇಟರ್ ಮತ್ತು ಒದ್ದೆ ಟವೆಲ್

ನಮ್ಮ ಐಟಿ ಕೆಲಸದಲ್ಲಿ ಒಂದು ಅಲಿಖಿತ ನಿಯಮವಿದೆ. ಹಳೆಯ ಸರ್ವರ್ ಒಂದನ್ನು ಆಫ್ ಮಾಡುವ ಮುಂಚೆ ಅದು ಏನೇನು ಕೆಲಸ ಮಾಡುತ್ತಿದೆ ಎಂದು ಪಟ್ಟಿ ಮಾಡಬೇಕು. ಕಾಗದದ ಮೇಲೆ ಅದಕ್ಕೆ ಒಂದೇ ಕೆಲಸ ಇರುತ್ತದೆ. ಆದರೆ ಹತ್ತು ವರ್ಷಗಳಲ್ಲಿ ಯಾರ್ಯಾರೋ ಬಂದು ತಮ್ಮ ಚಿಕ್ಕಪುಟ್ಟ ಕೆಲಸಗಳನ್ನೆಲ್ಲ ಅದರ ತಲೆಯ ಮೇಲೆ ಹೊರಿಸಿರುತ್ತಾರೆ. ಹೊಸದು ಬಂತೆಂದು ಹಳೆಯದರ ಪ್ಲಗ್ ಕಿತ್ತರೆ, ಮೂರನೇ ದಿನ ಯಾವುದೋ ಮೂಲೆಯ ಆಫೀಸಿನಿಂದ ಫೋನ್ ಬರುತ್ತದೆ: "ನಮ್ಮ ರಿಪೋರ್ಟ್ ಯಾಕೆ ಬರ್ತಿಲ್ಲ?"

ಈ ನಿಯಮ ಬಚ್ಚಲುಮನೆಗೂ ಅನ್ವಯಿಸುತ್ತದೆ ಎನ್ನುವುದೇ ಈ ಸಲದ ಅಂಕಣ.

ಕಳೆದ ನವೆಂಬರಿನಲ್ಲಿ ಒಂದೇ ವಾರದಲ್ಲಿ ಎರಡು ಬಚ್ಚಲುಮನೆಗಳ ಪ್ರಶ್ನೆ ನನ್ನ ಮುಂದೆ ಬಂತು. ಒಂದು, ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ತಂಗಿಯ ಮನೆಯದು. ಇನ್ನೊಂದು, ಚೆನ್ನೈನ ಪೆರಂಬೂರಿನಲ್ಲಿರುವ ನಮ್ಮ ಫ್ಲಾಟಿನದು. ಎರಡೂ ಕಡೆ ಕೇಳುತ್ತಿದ್ದುದು ಒಂದೇ ಸಾಮಾನು: ಟವೆಲ್ ಬಿಸಿ ಮಾಡುವ ರೇಲ್. ಏಣಿಯ ಹಾಗೆ ಅಡ್ಡಡ್ಡ ಕೊಳವೆಗಳಿರುವ, ಗೋಡೆಗೆ ಬಿಗಿಯುವ, ಒಳಗೆ ಬಿಸಿನೀರು ಹರಿಯುವ ಅಥವಾ ಕರೆಂಟಿನಿಂದ ಬಿಸಿಯಾಗುವ ಸ್ಟ್ಯಾಂಡ್. ಒಳ್ಳೆಯ ಹೋಟೆಲುಗಳಲ್ಲಿ ನೋಡಿರುತ್ತೀರಿ.

ಮೊದಲು ಲೀಡ್ಸ್‌ನ ಕತೆ. ಅಲ್ಲಿನ ಮನೆಗಳಲ್ಲಿ ಬಾಯ್ಲರಿನಿಂದ ಬಿಸಿನೀರು ಕೊಳವೆಗಳಲ್ಲಿ ಸುತ್ತಿ, ಪ್ರತಿ ಕೋಣೆಯ ಗೋಡೆಗಿರುವ ರೇಡಿಯೇಟರ್ ಎಂಬ ಕಬ್ಬಿಣದ ಹಲಗೆಯೊಳಗೆ ಹಾದುಹೋಗಿ ಕೋಣೆಯನ್ನು ಬೆಚ್ಚಗಿಡುತ್ತದೆ. ತಂಗಿಯ ಬಚ್ಚಲಿನಲ್ಲೂ ಅಂಥದ್ದೊಂದಿದೆ. ಬಣ್ಣ ಹೋಗಿದೆ, ಕೆಳಗಿನ ಅಂಚಿಗೆ ತುಕ್ಕು ಹಿಡಿದಿದೆ. ಅದನ್ನು ತೆಗೆಸಿ ಹೊಳೆಯುವ ಕ್ರೋಮ್ ಟವೆಲ್ ರೇಲ್ ಹಾಕಿಸೋಣ ಎಂದು ಅವಳ ಆಸೆ. "ಅಣ್ಣಯ್ಯ, ಜಾಗವೂ ಉಳಿಯುತ್ತೆ, ಟವೆಲ್ಲೂ ಒಣಗುತ್ತೆ, ನೋಡೋಕೂ ಚಂದ. ಇದರಲ್ಲಿ ಯೋಚನೆ ಮಾಡೋದೇನಿದೆ?" ಎಂದಳು.

ಯೋಚಿಸಬೇಕಾದದ್ದು ವ್ಯಾಟ್‌ಗಳ ಬಗ್ಗೆ. ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಒಂಟಿ ಹಲಗೆಯ ರೇಡಿಯೇಟರ್ ಸುಮಾರು 600 ವ್ಯಾಟ್ ಶಾಖ ಕೊಡುತ್ತದೆ. ಜೋಡಿ ಹಲಗೆಯದಾದರೆ 1,000 ವ್ಯಾಟ್ ಆಸುಪಾಸು. ಸುಮಾರು ಅಷ್ಟೇ ಗೋಡೆ ಹಿಡಿಯುವ ಕ್ರೋಮ್ ಏಣಿ ಕೊಡುವುದು 250 ವ್ಯಾಟ್ ಇರಬಹುದು. ಕೊಳವೆಗಳ ನಡುವೆ ಖಾಲಿ ಜಾಗ ಇರುವುದು ಇದಕ್ಕೆ ಮೊದಲ ಕಾರಣ. ಎರಡನೆಯದಾಗಿ, ಹೊಳೆಯುವ ಲೋಹ ಬಣ್ಣ ಬಳಿದ ಲೋಹದಷ್ಟು ಶಾಖವನ್ನು ಹೊರಗೆ ಬಿಡುವುದಿಲ್ಲ. ಇನ್ನು ಅದರ ಮೇಲೆ ಎರಡು ದಪ್ಪ ಟವೆಲ್ ಹಾಕಿದಿರೋ, ರೇಲ್‌ಗೆ ಕಂಬಳಿ ಹೊದಿಸಿದ ಹಾಗೆ. ಟವೆಲ್ ಬೆಚ್ಚಗಾಗುತ್ತದೆ, ಬಚ್ಚಲು ತಣ್ಣಗಾಗುತ್ತದೆ. ಹಳೆಯ ರೇಡಿಯೇಟರ್ ಎರಡು ಕೆಲಸ ಮಾಡುತ್ತಿತ್ತು: ಕೋಣೆ ಬೆಚ್ಚಗಿಡುವುದು, ಮೇಲೆ ಹಾಕಿದ ಟವೆಲ್ ಒಣಗಿಸುವುದು. ಹೊಸದು ಎರಡನೆಯದನ್ನು ಮಾತ್ರ ಮಾಡುತ್ತದೆ.

ಇನ್ನೂ ಇದೆ. ಈ ವ್ಯಾಟ್ ಲೆಕ್ಕವೆಲ್ಲ ಕೊಳವೆಯ ನೀರು ಕೋಣೆಗಿಂತ 50 ಡಿಗ್ರಿ ಹೆಚ್ಚು ಬಿಸಿ ಇರುತ್ತದೆ ಎಂದು ಹಿಡಿದು ಮಾಡಿದ್ದು. ಈಗ ಅಲ್ಲಿ ಗ್ಯಾಸ್ ಬಾಯ್ಲರ್ ಬಿಟ್ಟು ಹೀಟ್ ಪಂಪಿಗೆ ಹೋಗುವವರು ಹೆಚ್ಚುತ್ತಿದ್ದಾರೆ. ಅದರಲ್ಲಿ ನೀರು ಅಷ್ಟು ಬಿಸಿ ಇರುವುದಿಲ್ಲ. ವ್ಯತ್ಯಾಸ 25 ಡಿಗ್ರಿಗೆ ಇಳಿದರೆ ಶಾಖ ಅರ್ಧಕ್ಕಲ್ಲ, ಸುಮಾರು 40 ಪರ್ಸೆಂಟಿಗೆ ಇಳಿಯುತ್ತದೆ. ಆಗ 250 ವ್ಯಾಟಿನ ಏಣಿ ಕೊಡುವುದು 100 ವ್ಯಾಟ್. ಒಂದು ಹಳೇ ಕಾಲದ ಬಲ್ಬಿನಷ್ಟು. ಜೊತೆಗೆ ಬೇಸಿಗೆಯಲ್ಲಿ ಬಾಯ್ಲರಿನ ಹೀಟಿಂಗ್ ನಿಲ್ಲಿಸಿದಾಗ ಈ ರೇಲ್ ಕೂಡ ತಣ್ಣಗೆ ನಿಂತಿರುತ್ತದೆ. ಆಗಲೂ ಬಿಸಿ ಬೇಕೆಂದರೆ ಒಳಗೆ ಕರೆಂಟಿನ ಎಲಿಮೆಂಟ್ ಇರುವ ನಮೂನೆಯೇ ಬೇಕು.

ಕೂಲಿಯ ಮಾತೂ ಇದೆ. ರೇಡಿಯೇಟರಿನ ಎರಡು ಕೊಳವೆಗಳ ನಡುವಿನ ಅಂತರ ಬೇರೆ, ಟವೆಲ್ ರೇಲಿನದು ಬೇರೆ. ಹಾಗಾಗಿ ಹಳೆಯದನ್ನು ಬಿಚ್ಚಿದ ಜಾಗಕ್ಕೆ ಹೊಸದನ್ನು ನೇರವಾಗಿ ಸಿಕ್ಕಿಸಲು ಆಗುವುದಿಲ್ಲ. ನೆಲದ ಹಲಗೆ ಎಬ್ಬಿಸಿ ಕೊಳವೆ ಸರಿಸಬೇಕು. ನೀರು ಇಳಿಸಬೇಕು, ಮತ್ತೆ ತುಂಬುವಾಗ ತುಕ್ಕು ತಡೆಯುವ ದ್ರಾವಣ ಸೇರಿಸಬೇಕು, ಒಳಗೆ ಸಿಕ್ಕಿಕೊಂಡ ಗಾಳಿ ಬಿಡಬೇಕು. ಅರ್ಧ ದಿನದ ಕೆಲಸ ಎಂದು ಬಂದ ಪ್ಲಂಬರ್ ಸಂಜೆಯ ತನಕ ಇರುತ್ತಾನೆ.

ಇಷ್ಟೆಲ್ಲ ನಾನು ಫೋನಿನಲ್ಲಿ ಹೇಳುತ್ತಿದ್ದಾಗ ಸ್ಪೀಕರ್ ಆನ್ ಇತ್ತು. ಪಕ್ಕದಲ್ಲಿ ಹುರುಳಿಕಾಯಿ ಮುರಿಯುತ್ತ ಕೂತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಅದು ನಮ್ಮನೆ ಬಚ್ಚಲೊಲೆ ಮೇಲಿದ್ದ ಗಳು ಅಲ್ದಾ? ಅದನ್ನ ದುಡ್ಡು ಕೊಟ್ಟು ತರ್ತ್ವಾ?" ಎಂದು ಕೇಳಿದರು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಸಾಗರದ ಕಡೆಯ ನಮ್ಮ ಮನೆಯಲ್ಲಿ ಬಚ್ಚಲು ಎಂದರೆ ಒಂದು ಮೂಲೆಯಲ್ಲಿ ಮಣ್ಣಿನ ಒಲೆ, ಅದರ ಮೇಲೆ ಕೂರಿಸಿದ ತಾಮ್ರದ ಹಂಡೆ. ಬೆಳಿಗ್ಗೆ ಹಾಕಿದ ಕುಂಟೆ ಮಧ್ಯಾಹ್ನದವರೆಗೂ ಕನಲುತ್ತಿತ್ತು. ಒಲೆಯ ಮೇಲ್ಗಡೆ, ಮಾಡಿಗೆ ಕಟ್ಟಿದ ಬಿದಿರಿನ ಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿನ ಮುಖವೇ ಕಾಣದ ದಿನಗಳಲ್ಲಿ ಮನೆ ಮಂದಿಯ ಬಟ್ಟೆ ಒಣಗುತ್ತಿದ್ದುದು ಅಲ್ಲಿಯೇ. ನಮ್ಮ ಶಾಲೆಯ ಯೂನಿಫಾರ್ಮಿಗೆ ಹೊಗೆ ವಾಸನೆ. ಆದರೆ ಇಡೀ ಕ್ಲಾಸಿನಲ್ಲಿ ಎಲ್ಲರದೂ ಅದೇ ವಾಸನೆ ಆಗಿದ್ದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಣಂತಿ ಇದ್ದ ಮನೆಯಲ್ಲಿ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಮಗುವಿನ ಬಟ್ಟೆ ಹರಡುತ್ತಿದ್ದರು. ಟವೆಲ್ ವಾರ್ಮರ್ ಎಂದರೆ ಇನ್ನೇನು?

ಆ ಒಲೆ ಮಾಡುತ್ತಿದ್ದ ಕೆಲಸಗಳನ್ನು ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. ನೀರು ಕಾಯಿಸುವುದು ಒಂದು. ಬಟ್ಟೆ ಒಣಗಿಸುವುದು ಎರಡು. ಬಚ್ಚಲಿನ ನೆಲ, ಗೋಡೆ ಒಣಗಿಸಿ ಪಾಚಿ ಕಟ್ಟದ ಹಾಗೆ ನೋಡಿಕೊಳ್ಳುವುದು ಮೂರು. ಪಾತ್ರೆ ತಿಕ್ಕಲು ಬೂದಿ ಕೊಡುವುದು ನಾಲ್ಕು. ತೋಟದ ಸೋಗೆ, ಅಡಿಕೆ ಸಿಪ್ಪೆಗಳನ್ನು ತಿಂದು ಅಂಗಳ ಚೊಕ್ಕಟ ಮಾಡುವುದು ಐದು. ಮಳೆಗಾಲದಲ್ಲಿ ತೋಟದಿಂದ ನೆಂದು ಬಂದವರು ಮೈ ಕಾಯಿಸಿಕೊಳ್ಳುವುದು ಆರು. ನಂತರ ಹಂಡೆಯ ಜಾಗಕ್ಕೆ ಗೀಸರ್ ಬಂತು. ಅದು ಆರರಲ್ಲಿ ಒಂದನ್ನು ಮಾತ್ರ ಮಾಡುತ್ತದೆ, ಮೊದಲನೆಯದನ್ನು. ಹೊಗೆ ಹೋಯಿತು, ಹೆಂಗಸರ ಕಣ್ಣುರಿ ಹೋಯಿತು. ಅದು ಸಣ್ಣ ಲಾಭವಲ್ಲ, ಹಂಡೆ ಒಲೆಯನ್ನು ಹೊಗಳುವವರಲ್ಲಿ ಹೆಚ್ಚಿನವರು ಅದರ ಮುಂದೆ ಕೂತು ಊದುಗೊಳವೆ ಊದಿದವರಲ್ಲ. ಆದರೆ ಉಳಿದ ಐದು ಕೆಲಸಗಳಿಗೆ ಬೇರೆ ವ್ಯವಸ್ಥೆ ಮಾಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಗೀಸರ್ ಬಂದ ಮರುವರ್ಷವೇ ಬಚ್ಚಲಿನ ಗೋಡೆಗೆ ಹಸಿರು ಹಿಡಿಯಿತು.

ಈಗ ಪೆರಂಬೂರಿಗೆ ಬರೋಣ. ಇಲ್ಲಿನ ಪ್ರಶ್ನೆ ಅಂದ ಚಂದದ್ದಲ್ಲ, ಅಪ್ಪಯ್ಯನ ಚರ್ಮದ್ದು. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ಅವರಿಗೆ ತೊಡೆಯ ಸಂದಿಯಲ್ಲೂ ಸೊಂಟದ ಸುತ್ತಲೂ ಹುಳುಕಡ್ಡಿ ಆಗಿತ್ತು. ಔಷಧಿ ಹಚ್ಚಿದರೆ ಹೋಗುತ್ತದೆ, ಮಳೆ ಹಿಡಿದರೆ ಮತ್ತೆ ಬರುತ್ತದೆ. ಚರ್ಮದ ಡಾಕ್ಟರು ಮೂರು ಮಾತು ಹೇಳಿದರು. ಕಲೆ ಮಾಯವಾಯಿತೆಂದು ಔಷಧಿ ನಿಲ್ಲಿಸಬೇಡಿ, ಹೇಳಿದಷ್ಟು ವಾರ ಮುಗಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ, ಸ್ಟಿರಾಯ್ಡ್ ಬೆರೆಸಿದ ಮುಲಾಮು ಮುಟ್ಟಬೇಡಿ. ತುರಿಕೆ ಅಡಗುತ್ತದೆ, ರೋಗ ಒಳಗೇ ಹಬ್ಬುತ್ತದೆ. ಮೂರನೆಯದು, ಒಬ್ಬರ ಟವೆಲ್ ಇನ್ನೊಬ್ಬರು ಬಳಸಬೇಡಿ, ಒದ್ದೆ ಟವೆಲ್ಲಿನಿಂದ ಮೈ ಒರೆಸಬೇಡಿ, ಒಳ ಉಡುಪು ಪೂರ್ತಿ ಒಣಗಿರಲಿ.

ಮೊದಲ ಎರಡು ನಮ್ಮ ಕೈಯಲ್ಲಿವೆ. ಮೂರನೆಯದು ವರುಣನ ಕೈಯಲ್ಲಿದೆ. ಚೆನ್ನೈಗೆ ವರ್ಷಕ್ಕೆ ಬೀಳುವ ಸುಮಾರು 1,400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ, ಈಶಾನ್ಯ ಮಾರುತದಲ್ಲಿ ಬೀಳುತ್ತದೆ. ನಮ್ಮ ಊರಿನಲ್ಲಿ ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಇಲ್ಲಿ ಮಳೆ ಹಿಡಿಯುತ್ತದೆ. ಟೆರೇಸಿಗೆ ಬಟ್ಟೆ ಹಾಕುವ ಹಾಗಿಲ್ಲ. ಬಾಲ್ಕನಿಯಲ್ಲಿ ಹಾಕಿದ್ದು ಎರಡು ದಿನವಾದರೂ ತಣ್ಣಗೆ ಕೈಗೆ ತಗಲುತ್ತದೆ. ಮುಗ್ಗಲು ವಾಸನೆ ಬೇರೆ. ಹಾಗಾಗಿ ಅಮ್ಮನ ಬೇಡಿಕೆ: "ತಂಗಿ ಮನೆಗೆ ಬ್ಯಾಡದಿದ್ರೆ ಬ್ಯಾಡ, ನಮ್ಮನೆಗೆ ಅದನ್ನ ತಗಂಬಾ."

ಸ್ಯಾನಿಟರಿ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ, ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಂದ ಊರುಕ್ಕು ಎದುಕ್ಕು ಸಾರ್ ಇದು?" ಎಂದರು. ಈ ಊರಿಗೆ ಇದೇಕೆ ಎಂದು. ಎಂಟು ತಿಂಗಳು ತೊಟ್ಟಿಯ ನೀರೇ ಮೈ ಸುಡುವ ಊರಿನಲ್ಲಿ ಟವೆಲ್ ಬಿಸಿ ಮಾಡುವ ಯಂತ್ರ ಕೇಳಿದರೆ ಅನುಮಾನ ಬರುವುದು ಸಹಜ. ಆದರೂ ಕ್ಯಾಟಲಾಗ್ ತೆಗೆದು ತೋರಿಸಿದರು. 80 ವ್ಯಾಟಿನ ಕರೆಂಟ್ ರೇಲ್. ನಾನು ಫೋಟೊ ತೆಗೆದುಕೊಂಡು ಮನೆಗೆ ಬಂದು ಅಡುಗೆಮನೆಯ ತಕ್ಕಡಿ ಇಳಿಸಿದೆ.

ನಮ್ಮ ಮನೆಯ ಟರ್ಕಿ ಟವೆಲ್ ಒಣಗಿದ್ದಾಗ 450 ಗ್ರಾಂ, ಸ್ನಾನ ಮುಗಿಸಿ ಮೈ ತಲೆ ಒರೆಸಿದ ಮೇಲೆ 650 ಗ್ರಾಂ. ಅಂದರೆ ಪ್ರತಿದಿನ ಒಂದು ಟವೆಲ್ಲಿನಿಂದ 200 ಗ್ರಾಂ ನೀರು ಹೋಗಬೇಕು. ಎಲ್ಲಿಗೆ? ಗಾಳಿಗೆ. ಗಾಳಿಗೆ ಎಷ್ಟು ಬಾಯಾರಿಕೆ ಇದೆ ಎನ್ನುವುದೇ ಇಡೀ ವಿಷಯದ ಕೀಲಿ.

ಮಳೆ ಹಿಡಿದ ಒಂದು ದಿನ ಪೆರಂಬೂರಿನಲ್ಲಿ 26 ಡಿಗ್ರಿ, ತೇವಾಂಶ 90 ಪರ್ಸೆಂಟ್ ಎಂದುಕೊಳ್ಳಿ. 26 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 24.4 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. ಅದರಲ್ಲಿ ಆಗಲೇ 22 ಗ್ರಾಂ ತುಂಬಿದೆ. ಉಳಿದದ್ದು 2.4 ಗ್ರಾಂ. ಲೀಡ್ಸ್‌ನಲ್ಲಿ ಚಳಿಗಾಲದ 5 ಡಿಗ್ರಿ ಗಾಳಿ ಪೂರ್ತಿ ಒದ್ದೆಯಾಗಿದ್ದರೂ ಅದರಲ್ಲಿರುವುದು ಹೆಚ್ಚೆಂದರೆ 7 ಗ್ರಾಂ. ಅದು ಮನೆಯೊಳಗೆ ಬಂದು 20 ಡಿಗ್ರಿಗೆ ಕಾದಾಗ 17 ಗ್ರಾಂ ಹಿಡಿಯಬಲ್ಲದು. ಅಂದರೆ 10 ಗ್ರಾಂ ಜಾಗ ಖಾಲಿ. ಅಲ್ಲಿ ಹೊರಗಿನ ಗಾಳಿ ಒಳಗೆ ತಂದು ಕಾಯಿಸಿದರೆ ಸಾಕು, ಅದು ತಾನಾಗಿಯೇ ಬಾಯಾರಿ ಟವೆಲ್ ನೆಕ್ಕುತ್ತದೆ. ಇಲ್ಲಿ ಹೊರಗಿನ ಗಾಳಿ ಊಟ ಮುಗಿಸಿ ತೇಗುತ್ತಲೇ ಒಳಗೆ ಬರುತ್ತದೆ.

ನಮ್ಮ ಬಚ್ಚಲು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂಬತ್ತು ಅಡಿ ಎತ್ತರ. ಒಟ್ಟು 6 ಘನ ಮೀಟರ್ ಗಾಳಿ. ಘನ ಮೀಟರಿಗೆ 2.4 ಗ್ರಾಮಿನಂತೆ 200 ಗ್ರಾಂ ನೀರು ಸಾಗಿಸಲು 83 ಘನ ಮೀಟರ್ ಗಾಳಿ ಬೇಕು. ಅಂದರೆ ಬಚ್ಚಲಿನ ಗಾಳಿ ಹದಿನಾಲ್ಕು ಸಲ ಪೂರ್ತಿ ಬದಲಾಗಬೇಕು, ಅದೂ ಒಂದು ಟವೆಲ್ಲಿಗೆ. ನಾವು ಮನೆಯಲ್ಲಿ ನಾಲ್ಕು ಜನ.

ರೇಲ್ ಇಲ್ಲಿ ಉಪಯೋಗವಿಲ್ಲ ಎಂದು ಹೇಳಲಾರೆ. ಟವೆಲ್ ಅನ್ನು 40 ಡಿಗ್ರಿಗೆ ಬಿಸಿ ಮಾಡಿದರೆ ಅದನ್ನು ತಾಗಿ ಹೋಗುವ ಗಾಳಿ ಘನ ಮೀಟರಿಗೆ 51 ಗ್ರಾಂ ತನಕ ಹೊರಬಲ್ಲದು. 22 ಕಳೆದರೂ 29 ಗ್ರಾಂ ಸಿಗುತ್ತದೆ, ಹನ್ನೆರಡು ಪಟ್ಟು. ಟವೆಲ್ ಖಂಡಿತ ಒಣಗುತ್ತದೆ. ಆದರೆ ಆ 200 ಗ್ರಾಂ ನೀರು ಮಾಯವಾಗಲಿಲ್ಲ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಆ ಬಿಸಿ ಗಾಳಿ ತಣ್ಣನೆಯ ಟೈಲಿಗೆ, ಮೇಲ್ಛಾವಣಿಗೆ, ಪ್ಲೈವುಡ್ ಬಾಗಿಲಿಗೆ ತಾಗಿ ನೀರನ್ನು ಅಲ್ಲೇ ಇಳಿಸಿ ಬರುತ್ತದೆ. ಟವೆಲ್ಲಿನ ಒದ್ದೆ ಗೋಡೆಗೆ ಹೋಯಿತು ಅಷ್ಟೇ. ನಾಲ್ಕು ಟವೆಲ್ ಒಣಗಿಸಿದರೆ ದಿನಕ್ಕೆ ಮುಕ್ಕಾಲು ಲೀಟರಿಗೂ ಹೆಚ್ಚು ನೀರನ್ನು ಗೋಡೆಗೆ ಕುಡಿಸಿದಂತೆ. ಬೂಷ್ಟು ಬೆಳೆಯಲು ಇಷ್ಟು ಸಾಕು. ಹಂಡೆ ಒಲೆಯ ಬಚ್ಚಲಿಗೆ ಈ ತೊಂದರೆ ಇರಲಿಲ್ಲ. ಹೆಂಚಿನ ಸಂದಿನಿಂದ ಹೊಗೆಯ ಜೊತೆ ಆವಿಯೂ ಹೊರಗೆ ಹೋಗುತ್ತಿತ್ತು. ಅಂದರೆ ಒಲೆಯ ಅರ್ಧ ಕೆಲಸವನ್ನು ಮಾಡು ಮಾಡುತ್ತಿತ್ತು. ಕಾಂಕ್ರೀಟ್ ಸ್ಲ್ಯಾಬ್ ಬಂದಾಗ ನಾವು ಅದನ್ನೂ ಕಳೆದುಕೊಂಡೆವು, ಪಟ್ಟಿಯಲ್ಲಿ ಬರೆದುಕೊಳ್ಳದೆ.

ಹಾಗಾಗಿ ರೇಲ್ ಹಾಕಲಿ ಬಿಡಲಿ, ಮೊದಲು ಬೇಕಾದ್ದು ಎಕ್ಸಾಸ್ಟ್ ಫ್ಯಾನ್. ಲೀಡ್ಸ್‌ನಲ್ಲಿ ಅದು ಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶಿ ಬಚ್ಚಲಿನ ಫ್ಯಾನ್ ಸೆಕೆಂಡಿಗೆ 15 ಲೀಟರ್ ಗಾಳಿ ಹೊರಹಾಕಬೇಕು ಎನ್ನುತ್ತದೆ. ಗಂಟೆಗೆ 54 ಘನ ಮೀಟರ್. ನಮ್ಮಲ್ಲಿ ಸಿಗುವ ಆರು ಇಂಚಿನ ಸಾಧಾರಣ ಫ್ಯಾನ್ ಗಂಟೆಗೆ 200 ಘನ ಮೀಟರ್ ಆಸುಪಾಸು ಎಳೆಯುತ್ತದೆ, ಕರೆಂಟ್ 30 ವ್ಯಾಟ್. ದಿನಕ್ಕೆ ನಾಲ್ಕು ಗಂಟೆ ಓಡಿಸಿದರೆ ತಿಂಗಳಿಗೆ ನಾಲ್ಕು ಯೂನಿಟ್ ಕೂಡ ಆಗುವುದಿಲ್ಲ. ಬಾಗಿಲ ಕೆಳಗೆ ಒಂದು ಇಂಚು ಸಂದು ಬಿಡಬೇಕು, ಇಲ್ಲದಿದ್ದರೆ ಫ್ಯಾನ್ ಎಳೆಯಲು ಗಾಳಿಯೇ ಇರುವುದಿಲ್ಲ.

ಫ್ಯಾನ್ ಹಾಕಲು ಮತ್ತು ರೇಲ್‌ಗೆ ಪಾಯಿಂಟ್ ಎಲ್ಲಿ ಕೊಡಬಹುದು ಎಂದು ನೋಡಲು ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದೆ. ಅಯನಾವರದವರು, ಐವತ್ತೈದು ದಾಟಿದವರು. ಹುಡುಗನಾಗಿದ್ದಾಗ ಇಲ್ಲೇ ಐಸಿಎಫ್‌ನಲ್ಲಿ ಅಪ್ರೆಂಟಿಸ್ ಆಗಿದ್ದರಂತೆ. 1955ರಲ್ಲಿ ಶುರುವಾದ ಆ ರೈಲು ಬೋಗಿ ಕಾರ್ಖಾನೆ ಈ ಪ್ರದೇಶದ ಎಷ್ಟು ಮನೆಗಳಿಗೆ ಕೆಲಸ ಕಲಿಸಿದೆಯೋ! ನಾವು ಕನ್ನಡದವರು ಎಂದು ತಿಳಿದ ಕೂಡಲೇ, "ನಮ್ಮ ಏರಿಯಾದಲ್ಲಿ ನಿಮ್ಮ ಸರ್ವಜ್ಞ ಇದ್ದಾರೆ ಸಾರ್" ಎಂದು ತಮಿಳಿನಲ್ಲೇ ಹೇಳಿದರು. ಅಯನಾವರದ ಜೀವಾ ಪಾರ್ಕಿನಲ್ಲಿ 2009ರ ಆಗಸ್ಟ್‌ನಲ್ಲಿ ನಿಲ್ಲಿಸಿದ ಸರ್ವಜ್ಞನ ಪ್ರತಿಮೆ. ಅದೇ ವಾರ ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಅನಾವರಣವಾಗಿತ್ತು. ಅಪ್ಪಯ್ಯನಿಗೆ ಆ ಒಂದು ಮಾತಿನಿಂದಲೇ ಆ ಮನುಷ್ಯ ನೆಂಟನಾಗಿಬಿಟ್ಟರು.

ಬಚ್ಚಲಿನಲ್ಲಿ ಇದ್ದದ್ದು ಒಂದೇ ಪಾಯಿಂಟ್, ಗೀಸರಿನದು. ಅದರಿಂದಲೇ ರೇಲ್‌ಗೆ ತಂತಿ ಎಳೆಯಬಹುದೇ ಎಂದು ನಾನು ಕೇಳಿದೆ. ಅವರು ಉತ್ತರ ಕೊಡದೆ ಬ್ಯಾಗಿನಿಂದ ಹೋಲ್ಡರಿಗೆ ಎರಡು ತಂತಿ ಕಟ್ಟಿದ ಬಲ್ಬ್ ತೆಗೆದರು. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಹಿಡಿದರು, ಹತ್ತಿತು. ಫೇಸ್‌ಗೂ ಅರ್ಥ್‌ಗೂ ನಡುವೆ ಹಿಡಿದರು. ಹತ್ತಲಿಲ್ಲ. ಮತ್ತೊಮ್ಮೆ ಹಿಡಿದರು. "ಸಾರ್, ಅರ್ಥ್ ಇಲ್ಲೈ" ಎಂದರು. ಬೋರ್ಡ್ ಬಿಚ್ಚಿ ನೋಡಿದರೆ ಹಸಿರು ತಂತಿ ಎಲ್ಲಿಗೂ ಸೇರಿಸದೆ ಒಳಗೆ ಮಡಚಿಟ್ಟಿತ್ತು. ಕಟ್ಟಡ ಹಳೆಯದು, ಯಾವ ಕಾಲದಲ್ಲಿ ಯಾರು ಹಾಗೆ ಬಿಟ್ಟರೋ. ನಾಲ್ಕು ವರ್ಷಗಳಿಂದ ನಾವು, ನಮ್ಮ ಮಗಳು, ಈಗ ವಯಸ್ಸಾದ ಅಪ್ಪ ಅಮ್ಮ, ಎಲ್ಲರೂ ಆ ಗೀಸರಿನ ಕೆಳಗೆ ಒದ್ದೆ ಮೈಯಲ್ಲಿ ನಿಂತು ಸ್ನಾನ ಮಾಡುತ್ತಿದ್ದೆವು.

ಇದರ ಅರ್ಥ ಏನೆಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಟವೆಲ್‌ಗಿಂತ ಇದು ಮುಖ್ಯ. ಗೀಸರಿನ ಒಳಗಿನ ಕಾಯಿಲ್ ಗಡಸು ನೀರಿನ ಸುಣ್ಣ ಕಟ್ಟಿ ಒಂದಲ್ಲ ಒಂದು ದಿನ ಬಿರುಕು ಬಿಡುತ್ತದೆ. ಆಗ ಕರೆಂಟ್ ನೀರಿಗೂ ಟ್ಯಾಂಕಿಗೂ ಇಳಿಯುತ್ತದೆ. ಅರ್ಥಿಂಗ್ ಸರಿ ಇದ್ದರೆ ಆ ಕರೆಂಟಿಗೆ ನೆಲಕ್ಕೆ ಹೋಗಲು ಸುಲಭದ ದಾರಿ ಇರುತ್ತದೆ. ಇಲ್ಲದಿದ್ದರೆ ಅದು ದಾರಿ ಹುಡುಕುತ್ತ ಕಾಯುತ್ತದೆ. ನಲ್ಲಿ ಮುಟ್ಟಿದವನ ಒದ್ದೆ ಮೈಯೇ ಆ ದಾರಿ. ಸಾಮಾನ್ಯ ಎಂಸಿಬಿ ಇದನ್ನು ತಡೆಯುವುದಿಲ್ಲ. ಅದು ತಂತಿಯನ್ನು ಉಳಿಸಲು ಇರುವುದು, ಮನುಷ್ಯನನ್ನಲ್ಲ. ಮನುಷ್ಯನನ್ನು ಉಳಿಸುವುದು ಆರ್‌ಸಿಸಿಬಿ. ಹೋದ ಕರೆಂಟೆಲ್ಲ ವಾಪಸ್ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. ಮನೆಗೆ ಹಾಕುವ 30 ಮಿಲಿಆಂಪಿಯರಿನದಾದರೆ ಅಷ್ಟು ಸಣ್ಣ ಸೋರಿಕೆಗೇ ಕಣ್ಣು ಮಿಟುಕಿಸುವುದರೊಳಗೆ ಕರೆಂಟ್ ಕಡಿಯುತ್ತದೆ.

"ಅರ್ಥ್ ಇಲ್ಲದೆ ಒಂದು ಬೋಗಿಯೂ ಕಾರ್ಖಾನೆಯಿಂದ ಹೊರಗೆ ಹೋಗಲ್ಲ ಸಾರ್, ಮನೆಗೆ ಮಾತ್ರ ಯಾರೂ ಕೇಳಲ್ಲ" ಎಂದು ಆ ಐಸಿಎಫ್ ಮನುಷ್ಯ ಗೊಣಗುತ್ತಲೇ ಕೆಲಸಕ್ಕಿಳಿದರು. ಎರಡು ದಿನ ಹಿಡಿಯಿತು. ಕೆಳಗಿನ ಮೀಟರ್ ಬೋರ್ಡಿನಿಂದ ಹೊಸ ಅರ್ಥ್ ತಂತಿ ಬಂತು, ಆರ್‌ಸಿಸಿಬಿ ಬಂತು, ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನು ತೆಗೆದು ಆ ಜಾಗಕ್ಕೆ ಫ್ಯಾನ್ ಬಂತು. ರೇಲ್ ಹಾಕುವುದಾದರೆ ಶವರಿನ ಜಾಗದಿಂದ ಕನಿಷ್ಠ 60 ಸೆಂಟಿಮೀಟರ್ ದೂರವಿರಬೇಕು, ಸ್ವಿಚ್ಚು ಬಚ್ಚಲಿನ ಹೊರಗಿರಬೇಕು ಎಂದರು. ನಾಲ್ಕು ಅಡಿ ಅಗಲದ ಬಚ್ಚಲಿನಲ್ಲಿ ಅಷ್ಟು ದೂರ ಹುಡುಕಿದರೆ ಸಿಗುವುದು ಬಾಗಿಲು ತೆರೆಯುವ ಜಾಗ ಮಾತ್ರ.

ಅಲ್ಲಿಗೆ ರೇಲಿನ ಮಾತು ಬಿದ್ದುಹೋಯಿತು. ಟವೆಲ್ ಸಮಸ್ಯೆ ಮಾತ್ರ ಹಾಗೇ ಇತ್ತು. ಅದಕ್ಕೆ ದಾರಿ ತೋರಿಸಿದ್ದು ಅಪ್ಪಯ್ಯ. ಊರಿನಿಂದ ತಂದಿದ್ದ ತಮ್ಮ ತೆಳ್ಳನೆಯ ಹತ್ತಿಯ ಪಾಣಿಪಂಚೆಯನ್ನು ತಕ್ಕಡಿಯ ಮೇಲಿಟ್ಟು, "ಇದನ್ನೂ ತೂಗಿ ನೋಡು" ಎಂದರು. ಒಣಗಿದ್ದು 110 ಗ್ರಾಂ. ಸ್ನಾನವಾದ ಮೇಲೆ, ಹಿಂಡಿ ಹಿಂಡಿ ಮೈ ಒರೆಸಿ, ಕೊನೆಗೊಮ್ಮೆ ಚೆನ್ನಾಗಿ ಹಿಂಡಿ ತಂದದ್ದು 190 ಗ್ರಾಂ. ಟರ್ಕಿ ಟವೆಲ್ಲಿನಿಂದ 200 ಗ್ರಾಂ ನೀರು ಗಾಳಿಗೆ ಹೋಗಬೇಕು, ಇದರಿಂದ 80 ಗ್ರಾಂ. ಉಳಿದದ್ದನ್ನು ಕೈ ಹಿಂಡಿ ಬಚ್ಚಲಿನ ಗಂಡಿಗೆ ಕಳಿಸಿ ಆಗಿರುತ್ತದೆ. ಒಂದು ಲೀಟರ್ ನೀರನ್ನು ಆವಿ ಮಾಡಲು ಮುಕ್ಕಾಲು ಯೂನಿಟ್‌ಗೆ ಹತ್ತಿರ ಹತ್ತಿರ ಶಾಖ ಬೇಕು. ಹಿಂಡಲು ಬೇಕಾದದ್ದು ಎರಡು ಕೈ. ದಪ್ಪ ಟರ್ಕಿ ಟವೆಲ್ ಹಿಂಡಲು ಯಾರ ಕೈಗೂ ಬರುವುದಿಲ್ಲ. ತಮಿಳರ ತುಂಡು, ಮಲಯಾಳಿಗಳ ತೋರ್ತು, ದಕ್ಷಿಣ ಕನ್ನಡದ ಬೈರಾಸು, ನಮ್ಮ ಪಾಣಿಪಂಚೆ ಎಲ್ಲವೂ ತೆಳ್ಳಗಿರುವುದು ಬಡತನಕ್ಕೆ ಮಾತ್ರವಲ್ಲ, ಮಳೆ ಮತ್ತು ಬೆವರಿನ ಸೀಮೆಗಳಲ್ಲಿ ಬಾಳಿ ಕಲಿತದ್ದಕ್ಕೆ.

ಈಗ ನಮ್ಮ ಮನೆಯಲ್ಲಿ ಪ್ರತಿಯೊಬ್ಬರಿಗೂ ಮೂರು ಮೂರು ಪಾಣಿಪಂಚೆ, ಬೇರೆ ಬೇರೆ ಅಂಚಿನವು, ಅದಲು ಬದಲಾಗದ ಹಾಗೆ. ಫ್ಯಾನಿನ ದಾರಿಯಲ್ಲಿ ಎರಡು ಸ್ಟೀಲ್ ರಾಡ್‌ಗಳು, ಒಂದಕ್ಕೊಂದು ಒಂದು ಗೇಣು ದೂರ. ಮಡಚಿ ಹಾಕದೆ ಅಗಲಕ್ಕೆ ಹರಡುವುದು. ಬೆಳಿಗ್ಗೆ ಹಾಕಿದ್ದು ಸಂಜೆಗೆ ಒಣಗಿರುತ್ತದೆ, ಸುರಿವ ಮಳೆಯಲ್ಲೂ. ಅಪ್ಪಯ್ಯನ ಔಷಧಿ ಪೂರ್ತಿ ಕೋರ್ಸ್ ಮುಗಿಯಿತು. ಈ ಅಂಕಣ ಬರೆಯುವವರೆಗೆ ಹುಳುಕಡ್ಡಿ ತಿರುಗಿ ಬಂದಿಲ್ಲ.

ತಂಗಿ ತನ್ನ ಪಟ್ಟಿ ಮಾಡಿಕೊಂಡಳು. ಹಳೆಯ ರೇಡಿಯೇಟರ್ ಎರಡು ಕೆಲಸ ಮಾಡುತ್ತಿದೆ, ಎರಡೂ ಬೇಕು. ಹಾಗಾಗಿ ತುಕ್ಕು ಹಿಡಿದದ್ದನ್ನು ತೆಗೆಸಿ ಅದೇ ಅಳತೆಯ ಹೊಸ ರೇಡಿಯೇಟರ್ ಹಾಕಿಸಿದಳು, ಕೊಳವೆ ಸರಿಸುವ ಖರ್ಚಿಲ್ಲದೆ. ಅದರ ಮೇಲೆ ಒಂದು ಅಡಿ ಬಿಟ್ಟು ಗೋಡೆಗೆ ಎರಡು ಬರೀ ಸ್ಟೀಲ್ ರಾಡ್ ಬಿಗಿಸಿದಳು. ಏರುವ ಬಿಸಿ ಗಾಳಿ ಟವೆಲ್ ಒಣಗಿಸುತ್ತದೆ, ರೇಡಿಯೇಟರಿನ ಮುಖ ಖಾಲಿ ಇರುವುದರಿಂದ ಕೋಣೆಯೂ ಬೆಚ್ಚಗಿರುತ್ತದೆ. ಫೋಟೊ ನೋಡಿದ ಅಮ್ಮ ಹೇಳಿದ್ದು ಇಷ್ಟೇ: "ಈಗ ಸರಿಯಾತು. ಒಲೆ ಕೆಳಗೆ, ಗಳು ಮೇಲೆ."

ಕೊನೆಯದಾಗಿ, ದೂರದಲ್ಲಿದ್ದು ಇದನ್ನು ಓದುತ್ತಿರುವವರಿಗೆ ಒಂದು ಮಾತು. ನಮ್ಮಲ್ಲಿ ಬಹಳಷ್ಟು ಮಂದಿ ಊರಿನಲ್ಲಿರುವ ಅಪ್ಪ ಅಮ್ಮನಿಗೆ ಕಷ್ಟವಾಗದಿರಲಿ ಎಂದು ದುಡ್ಡು ಕಳಿಸಿ ಹಂಡೆ ತೆಗೆಸಿ ಗೀಸರ್ ಹಾಕಿಸಿದವರು. ಆ ಹಳೆಯ ಮನೆಗಳಿಗೆ ಕರೆಂಟ್ ಬಂದದ್ದು ನಾಲ್ಕು ಬಲ್ಬು, ಒಂದು ರೇಡಿಯೊ ಇದ್ದ ಕಾಲದಲ್ಲಿ. ಅರ್ಥಿಂಗ್ ಗುಂಡಿ ಇದ್ದರೆ ಅದರ ಕೊಳವೆ ಮಣ್ಣಿನಲ್ಲಿ ತುಕ್ಕು ತಿಂದಿರಬಹುದು. ಇದ್ದಿಲು ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವ ರೂಢಿ ತಪ್ಪಿರಬಹುದು. ಈ ಸಲ ರಜೆಗೆ ಹೋದಾಗ ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ ಗೀಸರ್ ಪಾಯಿಂಟಿಗೆ ಅರ್ಥ್ ಇದೆಯೇ ನೋಡಿಸಿ. ಬಲ್ಬ್ ಹತ್ತಿದರೆ ಸಾಲದು, ಕೆಲವರು ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೇ ಸೇರಿಸಿ ಮುಗಿಸಿರುತ್ತಾರೆ, ಆಗಲೂ ಬಲ್ಬ್ ಹತ್ತುತ್ತದೆ. ಮೀಟರ್ ಹಿಡಿದು ಅಳೆಯಲು ಹೇಳಿ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ, ಅದರ ಮೇಲಿರುವ 'ಟಿ' ಗುಂಡಿಯನ್ನು ಆಗಾಗ ಒತ್ತಿ ನೋಡುವುದನ್ನು ಅಮ್ಮನಿಗೆ ಕಲಿಸಿ. ಇಷ್ಟೆಲ್ಲದರ ಖರ್ಚು ನಿಮ್ಮ ವಿಮಾನದ ಟಿಕೆಟ್ಟಿನ ಮುಂದೆ ಏನೇನೂ ಅಲ್ಲ.